ಹಲಗೆ ತೊಳೆದ ನೀರು

ಗ್ಯಾಂಬಿಯಾ ನದಿಯ ದಕ್ಷಿಣ ದಂಡೆ, ಕಿಯಾಂಗ್ ಸೀಮೆ.
ಮೋಟಾರ್‌ಸೈಕಲ್ಲಿಗೆ ಐಸುಪೆಟ್ಟಿಗೆ ಬಿಗಿದುಕೊಂಡು
ತಿಂಗಳಿಗೆರಡು ಸಲ ಬರುತ್ತೇನೆ ನಾನು.
ತೀದಾ ಸಾನ್ಯಾಂಗಳ ಅಂಗಳದಲ್ಲಿ ಇವತ್ತು
ಎರಡು ಪುಟ್ಟ ಕೈ, ಎರಡು ಸೂಜಿ.
ದೊಡ್ಡವನು ಅಳಲಿಲ್ಲ.
ಚಿಕ್ಕವಳು ನನ್ನ ಬೂಟಿಗೆ ಉಗಿದಳು.

ಫಾರ್ಮಿನಲ್ಲಿ ಒಂದು ಸಾಲು: ಬಸುರಾದ ತಿಂಗಳು.
"ಇವನು, ಕಣಜ ತುಂಬಿದ್ದಾಗ.
ಇವಳು, ಮೊಣಕಾಲುದ್ದ ಕೆಸರಲ್ಲಿ ನಾಟಿ ಮಾಡುವಾಗ.
ಕಣಜದಲ್ಲಿ ಆಗ ಇಲಿಯೂ ಇರಲಿಲ್ಲ."
ಬರೆದುಕೊಂಡೆ: ಫೆಬ್ರುವರಿ. ಆಗಸ್ಟ್.

ರಕ್ತದಲ್ಲಿ ಏನು ಹುಡುಕುತ್ತೀ, ಕೇಳಿದಳು.
ಹೇಗೆ ಹೇಳಲಿ?
ಬೇಲಿಯ ಬಳಿ ಅವಳ ಮೈದುನನ ಮಗ ಕುತುಬೋ
ಪಾಠ ಒಪ್ಪಿಸಿ ಬಂದ ಮರದ ಹಲಗೆ ತೊಳೆಯುತ್ತಿದ್ದ;
ಮಡಕೆಯ ತಳ ಕೆರೆದು ಮಾಡಿದ ಶಾಯಿ
ಬೋಗುಣಿಯ ನೀರಿಗೆ ಬಿಟ್ಟುಕೊಳ್ಳುತ್ತಿತ್ತು.

ಹಾಗೇ, ಅಂದೆ. ಮೊದಲ ದಿನಗಳಲ್ಲಿ
ಜೀವ ತನ್ನ ಹಲಗೆ ತಾನೇ ತೊಳೆದುಕೊಳ್ಳುತ್ತದೆ.
ಅಪ್ಪ ಬರೆದು ಕಳಿಸಿದ್ದು ಒಂದೇ ದಿನಕ್ಕೆ ಬಹುಪಾಲು ಹೋಗುತ್ತದೆ.
ಅಮ್ಮನದು ನಿಧಾನ,
ಒಂದು ಎರಡಾಗಿ, ಎರಡು ನಾಲ್ಕಾಗಿ,
ಮಾಸುತ್ತ ಮಾಸುತ್ತ.
ಕೆಲವು ಮಾತ್ರ ಅಳಿಸಿದರೂ ಅಳಿಯವು,
ಮರದ ಎಳೆಯೊಳಗೆ ಇಳಿದಂಥವು.

ಅಕ್ಷರವಲ್ಲ ತೀದಾ, ಅಕ್ಷರ ಹಾಗೇ ಇರುತ್ತದೆ;
ಅದರ ನೆತ್ತಿಯ ಮೇಲಿನ ಚುಕ್ಕಿ.
ಚುಕ್ಕಿ ಕೂತರೆ ಅಕ್ಷರ ಬಾಯಿ ಮುಚ್ಚಿಕೊಳ್ಳುತ್ತದೆ.
ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ ಅದು.
ನಿನ್ನ ಮಡಕೆಯ ಮಸಿಯೂ ಇಂಗಾಲವೇ.

ಮತ್ತೆ, ಒಡಲ ಗೋಡೆಗೆ ಅಂಟಿಕೊಳ್ಳುವ ಹೊತ್ತಿಗೆ
ಹೊಸ ಚುಕ್ಕಿ ಇಡಲು ಶುರು.
ಶಾಯಿ ಎಲ್ಲಿಂದ? ನೀನು ಉಂಡದ್ದರಿಂದ.
ಕಾಳಿಲ್ಲದ ಮಳೆಗಾಲದಲ್ಲೂ ಸೊಪ್ಪು ಇತ್ತಲ್ಲ,
ಅದರಿಂದ.

"ಅಂದರೆ ಹಣೆಬರಹ."
ಹಣೆಯೇ ಮೂಡದಿದ್ದಾಗಿನ ಬರಹ, ಅಂದೆ.
ಪೂರ್ತಿ ಓದಲು ನಮಗಿನ್ನೂ ಬಾರದು.

ತೀದಾ ಮಗಳ ಮೊಣಕೈಗೆ ಒತ್ತಿದ್ದ ಹತ್ತಿ ತೆಗೆದಳು,
ತೆಗೆದು ನೋಡಿದಳು, ಮತ್ತೆ ಒತ್ತಿದಳು.
"ಆ ಆಗಸ್ಟಿನಲ್ಲಿ
ನನ್ನ ಬಟ್ಟಲಿನ ಅನ್ನ ಇವನಿಗೆ ಸುರಿಯುತ್ತಿದ್ದೆ.
ಇವಳು ಒಳಗಿದ್ದಾಳೆಂದು ಗೊತ್ತಿರಲಿಲ್ಲ.
ಅದನ್ನೂ ಬರೆದಿದೆಯಾ ಅಲ್ಲಿ?"

ಫಾರ್ಮಿನಲ್ಲಿ ಅದಕ್ಕೆ ಸಾಲಿರಲಿಲ್ಲ.

ಕುತುಬೋ ನೀರು ಚೆಲ್ಲಲಿಲ್ಲ. ಓದಿದ್ದನ್ನು ಚೆಲ್ಲಬಾರದು;
ಬೋಗುಣಿ ಎತ್ತಿ ಕುಡಿದ.
ಬೂಟಿಗೆ ಉಗಿದವಳು ಓಡಿ ಹೋಗಿ
ಕೊನೆಯ ಗುಟುಕಿಗೆ ಬಾಯಿ ಒಡ್ಡಿದಳು.
ತುಟಿಯೆಲ್ಲ ಮಸಿ.

ಐಸು ಕರಗುತ್ತಿತ್ತು. ನಾನು ಹೊರಡಬೇಕಿತ್ತು.