ಏಳನೆಯ ಕುದುರೆ

ತೊರೆಯ ದಂಡೆಗೆ ಕಲ್ಲು ಹೊತ್ತು, ಕೊಳವೆ ಇಳಿಸಿ,
ನಾರಿನ್ ಪೇಟೆಯಿಂದ ಲಾರಿಯಲ್ಲಿ ಬಂದ ಯಂತ್ರವನ್ನು
ಬೋಲ್ಟು ಬಿಗಿದು ಕೂರಿಸಿದ ಸಂಜೆ
ಎಸೆನ್‌ಕುಲ್ ಅಜ್ಜ ಬಂದ. ಟೋಪಿ ತೆಗೆಯದೆ ಕೇಳಿದ:
"ಝೂರಾ, ಇದರೊಳಗೆ ಎಷ್ಟು ಕುದುರೆ?"

ತಗಡಿನ ಮೇಲೆ ಕೊರೆದದ್ದು ಆರೂಕಾಲು ಕೆವಿಎ.
ಅದು ಬಟ್ಟಲಿಗೆ ಈಗಷ್ಟೆ ಸುರಿದ ಕುಮಿಸ್, ಅಜ್ಜ,
ನೊರೆಯೂ ಸೇರಿ ಆರೂಕಾಲು.
ಪಾಯಿಂಟ್ ಎಂಟರಿಂದ ಗುಣಿಸಿದೆ. ನೊರೆ ಕೂತಿತು.
ಕುಡಿಯಲಿಕ್ಕೆ ಉಳಿದದ್ದು ಐದು ಕಿಲೋವ್ಯಾಟ್.
ಕಿಲೋ ಬಿಡಿಸಿದರೆ ಐದು ಸಾವಿರ.
ನಮ್ಮ ಕಡೆಯ ಕುದುರೆಗೆ ಏಳುನೂರ ಮೂವತ್ತೈದೂವರೆ ವ್ಯಾಟ್;
ಪೆನ್ಸಿಲ್ ತುದಿ ನೆಕ್ಕಿ, ಪುಸ್ತಕದ ಅಂಚಿನಲ್ಲಿ ಭಾಗಿಸಿದೆ.
"ಆರೂ ಮುಕ್ಕಾಲು. ಒಂದು ಚೂರು ಹೆಚ್ಚು."

"ಏಳನೆಯದಕ್ಕೆ ಮೂರೇ ಕಾಲಾ?"

ಅಜ್ಜ ನಗಲಿಲ್ಲ. ಹಿಮದಲ್ಲಿ ಗೊರಸು ಒಡೆದುಕೊಂಡು
ಮೂರರ ಮೇಲೆ ನಿಂತದ್ದನ್ನು ಕಂಡವನು,
ಕಟುಕನ ಬಳಿಗೆ ತಾನೇ ನಡೆಸಿಕೊಂಡು ಹೋದವನು.
"ಯಾವ ಕುದುರೆ ಅದು? ಬೇಸಗೆಯ ಹುಲ್ಲು ಮೇಯ್ದದ್ದೋ,
ಮಾರ್ಚಿಯಲ್ಲಿ ಪಕ್ಕೆಲುಬು ಎಣಿಸಲು ಬರುವುದೋ?"
"ವ್ಯಾಟಿನ ಕುದುರೆಗೆ ಋತು ಇಲ್ಲ," ಎಂದೆ.
"ಹಾಗಾದರೆ ಅದು ಕುದುರೆಯೇ ಅಲ್ಲ," ಎಂದ.

ಹಂಚಬೇಕಿತ್ತು.
ಉಣ್ಣೆ ಹಿಂಜುವ ಯಂತ್ರ, ಸಾಮೂಹಿಕ ಬೇಸಾಯದ ಕಾಲದ್ದು,
ನಾಲ್ಕು ಕುದುರೆ: ಎರಡು ಸಾವಿರದ ಒಂಬೈನೂರ ನಲವತ್ತೆರಡು.
ಯಾರೋ ದೂರದವರು ದಾನ ಕೊಟ್ಟ ನೀರಿನ ಪಂಪು,
ಎರಡು ಕುದುರೆ: ಸಾವಿರದ ನಾನೂರ ಎಪ್ಪತ್ತೊಂದು.
ಉಳಿದದ್ದು ಐನೂರ ಎಂಬತ್ತೇಳು.
ಹನ್ನೊಂದು ಮನೆಗೆ ಐವತ್ತೆರಡರಂತೆ ಅಳೆದು ಕೊಟ್ಟರೂ
ಕೈಯಲ್ಲಿ ಹದಿನೈದು.
ಲಾಯಕ್ಕೆ ಹತ್ತು ವ್ಯಾಟಿನ ಬಲ್ಬು ಎಂದು ಬರೆದೆ, ಅಡಿಗೆರೆ ಎಳೆದೆ.
ಅಜ್ಜನ ಕಂದು ಕುದುರೆ ದಿನ ತುಂಬಿ ನಿಂತಿತ್ತು.

ರಾತ್ರಿ ಪಂಪಿನ ಹೊಟ್ಟೆಯ ಗ್ರೀಸು ಒರೆಸಿ
ಟಾರ್ಚು ಹಿಡಿದು ಓದಿದರೆ, ಇಂಗ್ಲಿಷ್ ಅಕ್ಷರ.
ಇಂಗ್ಲಿಷ್ ಕುದುರೆ! ಏಳುನೂರ ನಲವತ್ತಾರು ಎನ್ನಿ;
ಒಂದೊಂದೂ ನಮ್ಮದಕ್ಕಿಂತ ಹತ್ತು ವ್ಯಾಟ್ ಹೆಚ್ಚು ಮೇಯುತ್ತದೆ.
ಎರಡಕ್ಕೆ ಇಪ್ಪತ್ತು.
ಅಡಿಗೆರೆಯ ಮೇಲೆ ಇನ್ನೊಂದು ಗೆರೆ ಎಳೆದೆ, ಅಡ್ಡಕ್ಕೆ.

ಬೆಳಿಗ್ಗೆ ಹೇಳುವಾಗ ನನ್ನ ಕಣ್ಣು ಅವನ ಬೂಟಿನ ಮೇಲಿತ್ತು.
"ಉಣ್ಣೆ ಹಿಂಜುವುದು ಯಾವಾಗ?"
"ಹಗಲು."
"ನೀರೆತ್ತುವುದು?"
"ಹಗಲೇ."
"ಕುದುರೆ ಮರಿ ಹಾಕುವುದು?"

ನನಗೆ ಗೊತ್ತಿರಲಿಲ್ಲ. ಪೇಟೆಯಲ್ಲಿ ಬೆಳೆದವಳು.

"ಯಾರೂ ನೋಡದಿದ್ದಾಗ, ಮಗಳೇ. ಕತ್ತಲಲ್ಲಿ.
ಅಷ್ಟು ಹೊತ್ತಿಗೆ ನಿನ್ನ ಆರನ್ನೂ ನೊಗದಿಂದ ಬಿಚ್ಚಿರುತ್ತೀಯಲ್ಲ?
ನಮ್ಮವೂ ಅವರವೂ, ದಣಿದು ನಿಂತ ಮೇಲೆ
ನಿನ್ನ ತಂತಿಯಿಂದ ಎಷ್ಟು ಮೇಯುತ್ತವೆ?"

ಬಿಷ್ಕೆಕ್‌ನಲ್ಲಿ ಎರಡು ಚಳಿಗಾಲ ಕೂತು
ಗುಣಿಸಲು ಕಲಿತೆ, ಭಾಗಿಸಲು ಕಲಿತೆ,
ದಶಾಂಶದ ಚುಕ್ಕಿಯನ್ನು ಆಚೆ ಈಚೆ ದೂಡಲು ಕಲಿತೆ.
ಬಿಚ್ಚುವ ಪಾಠ ಬಂದಿರಲಿಲ್ಲ.

ಮೂರನೆಯ ರಾತ್ರಿ, ಆ ಹತ್ತರ ಕೆಳಗೆ,
ಒದ್ದೆ ಸೌದೆಯ ಕಂತೆಯಂಥದ್ದೊಂದು ಹುಲ್ಲಿನ ಮೇಲೆ ಜಾರಿತು.
ತಾಯಿ ನೆಕ್ಕಿತು. ಹಬೆ ಬಲ್ಬಿನವರೆಗೂ ಎದ್ದಿತು.
ಹೊರಗೆ ತೊರೆ ತನ್ನ ಪಾಡಿಗೆ ಯಂತ್ರ ತಿರುವುತ್ತಿತ್ತು,
ಸುಮಾರು ಎಲ್ಲವೂ ವ್ಯರ್ಥ.
ಕಂತೆ ಅಲುಗಿತು. ಅಜ್ಜ ನನ್ನ ತೋಳು ಹಿಡಿದ:

ಕಾಲು.
ಅರೆ.
ಬಿತ್ತು.
ಮತ್ತೆ ಕಾಲು, ಅರೆ,
ಮುಕ್ಕಾಲು, ತೂಗಾಡುತ್ತ, ಬಹಳ ಹೊತ್ತು ಮುಕ್ಕಾಲು,

ಒಂದು.