ವರ್ಗೀಯ, ಅವರ್ಗೀಯ

ಪುಣೆ, ಬಾಣೇರಿನ ಆರನೇ ಮಹಡಿ. ಗುರುವಾರ, ಊಟ ಮುಗಿದ ಹೊತ್ತು.
ಬಿಳಿ ಹಲಗೆಯ ಮೇಲೆ ಕೇತಕಿ ಪರಾಂಜಪೆ ಬರೆದಳು:
ಕ್ಲಾಸಿನೊಳಗೆ ಯಾರು ಮೊದಲು?

ಸ್ಥಿರಾಂಕಗಳು ಮೇಲೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ.
ಆಮೇಲೆ ಫೀಲ್ಡು, ಕನ್‌ಸ್ಟ್ರಕ್ಟರು, ಪಬ್ಲಿಕ್ ಮೆಥಡುಗಳು;
ಪ್ರೈವೇಟ್ ಎಲ್ಲ ತೀರಾ ಕೊನೆಗೆ.
‘ಸದಾಶಿವ ಪೇಟೆಯ ನಮ್ಮಜ್ಜಿಯ ವಾಡೆ ಹಾಗೇ ಇತ್ತು,
ದಿಂಡಿ ಬಾಗಿಲು, ಪಡಸಾಲೆ, ಅಂಗಳ, ಹಿಂದೆಲ್ಲೋ ಅಡುಗೆಮನೆ.
ಬಂದವರು ಒಲೆಯ ಕಡೆಯಿಂದ ಒಳಗೆ ಬರ್ತಾರಾ?’

ಎಯಿಂದ ಜೆಡ್‌ಗೆ ಜೋಡಿಸಿ, ಜಗಳವೇ ಬೇಡ, ಅಂದ ಫರ್ಮಿನೊ,
ಚಹಾದಲ್ಲಿ ಖಾರಿ ಅದ್ದುತ್ತ.
ಕರೆಸಿಕೊಂಡದ್ದು ಕರೆದದ್ದರ ಕೆಳಗೇ ಇರಲಿ,
ಇದು ತಾಂಬೋಳಿಯ ಪಟ್ಟು. ‘ಓದುವವನು ಎಷ್ಟು ಸಲ
ಮಾಳಿಗೆ ಹತ್ತಿ ಇಳೀಬೇಕು?’

ನಿನ್ನದೇನು, ಬಾಳಪ್ಪ?

ನನಗೆ ನೆನಪಾದದ್ದು ಸೋಲಾಪುರದ ಕನ್ನಡ ಶಾಲೆ.
ಬಿರಾದಾರ ಅಕ್ಕೋರು ನಮ್ಮ ಕೈ ನಮ್ಮ ಕತ್ತಿಗೇ ಇಡಿಸಿ
ಕ ಅನ್ನಿಸುತ್ತಿದ್ದರು. ‘ಗಂಟಲದಾಗ ಹುಟ್ಟತೈತಿ, ಮುಟ್ಟಿ ನೋಡ್ರೋ.’
ಚ ಅಂಗುಳಕ್ಕೆ, ಟ ಮಡಚಿದ ನಾಲಿಗೆಗೆ, ತ ಹಲ್ಲಿಗೆ,
ಪ ಅನ್ನುವಷ್ಟರಲ್ಲಿ ತುಟಿ ದಾಟಿ ಬಯಲು.
ಐದು ಸಾಲು, ಐದು ವರ್ಗ. ಒಳಗಿಂದ ಹೊರಗೆ.
ಮಿಕ್ಕವು ಅವರ್ಗೀಯ; ಅವುಗಳಲ್ಲೂ ಕಟ್ಟಕಡೆಗೆ
ನನ್ನ ಹೆಸರಿನ ನಡುವಿನ ಳ.
ಫರ್ಮಿನೊನ ಇಪ್ಪತ್ತಾರರಲ್ಲಿ ಅದಕ್ಕೆ ಕುರ್ಚಿಯೇ ಇಲ್ಲ.
ಕೇತಕಿಗೆ ಗೊತ್ತು. ಅವಳ ಮರಾಠಿಯಲ್ಲೂ ಅದು
ಹಿಂದಿನ ಬೆಂಚಿನದೇ.

ಇದ್ಯಾವುದನ್ನೂ ಹೇಳಲಿಲ್ಲ.
‘ಬಾಗಿಲು ಮೊದಲು, ಆಗಲಿ’ ಅಂದೆ.

ಜೋಡಿಸುವ ಯಂತ್ರವನ್ನು ರಾತ್ರಿ ನಾನೇ ಓಡಿಸಿದೆ.
ಮುನ್ನೂರ ಹದಿನೆಂಟು ಫೈಲು ಅದಲುಬದಲು.
ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಇಲ್ಲ, ಟೆಸ್ಟುಗಳೆಲ್ಲ ಹಸಿರು.

ನಾನೂರ ಹನ್ನೆರಡನೇ ಸಾಲಿಗೆ ಬಂದು ನಿಂತೆ.
ಹೋದ ದೀಪಾವಳಿಗೆ ನಿವೃತ್ತರಾದ ನಿಮ್ಹಣ ಕಾಕಾ ಬರೆದ
ಪುಟ್ಟ ಪ್ರೈವೇಟ್ ಮೆಥಡು,
ಚಿಲ್ಲರೆಯನ್ನು ರೂಪಾಯಿಗೆ ದುಂಡಾಗಿಸುವಂಥದ್ದು.
ನಿನ್ನೆಯವರೆಗೆ ಫೈಲಿನ ನೆತ್ತಿಯಲ್ಲಿತ್ತು.
ಈಗ ತಳದಲ್ಲಿ. ತಲೆಯ ಮೇಲೆ ಅವರದೇ ಟಿಪ್ಪಣಿ, ಹಾಗೇ:
ಮೊದಲು ಇದನ್ನು ಓದಿ.
ಇಲ್ಲದಿದ್ದರೆ ಕೆಳಗಿನದು ಒಂದೂ ತಿಳಿಯುವುದಿಲ್ಲ.

ಕೆಳಗೆ ಇದ್ದದ್ದು
ಮುಚ್ಚುವ ಪುಷ್ಪಾವರಣವೊಂದೇ.