ಬಿರುಕಿನ ನಡಿಗೆ

ಮಲ್ಪೆ ಧಕ್ಕೆಯ ಐಸ್ ಪ್ಲಾಂಟಿನಲ್ಲಿ
ನಸುಕಿನ ನಾಲ್ಕಕ್ಕೆ ಐತಪ್ಪ ಕುಂದರ್
ಡಬ್ಬಿಯನ್ನು ನೀರಿಗದ್ದಿ, ಮೇಲೆತ್ತಿ,
ಗಡ್ಡೆಯನ್ನು ನೆಲಕ್ಕೆ ಜಾರಿಸುತ್ತಾರೆ.
ಟಕ್.
ಒಳಗೊಂದು ಗೆರೆ ಓಡುತ್ತದೆ.
"ಸೆಕೆಗೆ ಬಂತಲ್ಲ, ಮಾತಾಡ್ತದೆ."

ನಾನು ಬಂದದ್ದೇ ಆ ಸದ್ದಿಗೆ.
ಬಾಡಿಗೆ ಕೋಣೆಯಲ್ಲಿ, ಲ್ಯಾಪ್‌ಟಾಪಿನೊಳಗೆ,
ಯುರೋಪಾ ಎಂಬ ಚಂದ್ರನ ಮೈಮೇಲೆ
ಎಂಟು ತಿಂಗಳಿಂದ ಗೆರೆ ಎಳೆಯುತ್ತಿದ್ದೇನೆ:
ಯಾವ ಬಿರುಕು ಯಾವುದನ್ನು ಕತ್ತರಿಸಿತು,
ಯಾವುದು ಅಕ್ಕ, ಯಾವುದು ತಂಗಿ.
ಸದ್ದಿಲ್ಲ ಅಲ್ಲಿ. ಗಾಳಿಯೇ ಇಲ್ಲ ಎನ್ನಬೇಕು.
ಎಂಟುನೂರ ಹನ್ನೆರಡನೆಯ ಗೆರೆಗೆ
ಕಣ್ಣು ಸೋತಿತು.

ಫೋನಿನಲ್ಲಿ ಫೋಟೊ ತೋರಿಸಿದೆ.
ಕನ್ನಡಕ ಹಣೆಗೇರಿಸಿ ನೋಡಿದರು:
ಒಣಗಿದ ಗಾಯದ ಬಣ್ಣದ ಜೋಡಿ ಏರಿ,
ನಡುವೆ ತಗ್ಗು,
ಲಾರಿ ಹೋದ ಕೆಸರುದಾರಿಯ ಹಾಗೆ.
"ಈ ಕೆಂಪು ಏನು?"
ಉಪ್ಪಿರಬಹುದು. ಒಳಗಿಂದ ಜಿನುಗಿದ್ದು. ಗೊತ್ತಿಲ್ಲ.
"ಅಡಿಯಲ್ಲಿ ನೀರುಂಟಾ?"
ಇರಬೇಕು. ಕಡಲೇ ಇರಬೇಕು.
"ಹಾಗಾದ್ರೆ ಭರತ, ಇಳಿತ?"

ಉಂಟು, ಅಂದೆ. ಆದರೆ ಅಲ್ಲಿ
ಎಳೆಯುವುದು ಚಂದ್ರನಲ್ಲ,
ಎಳೆಸಿಕೊಳ್ಳುವುದು ಚಂದ್ರ.
ಎಳೆಯುವುದು ಗುರು.
ಮೂರೂವರೆ ದಿನಕ್ಕೊಂದು ಸುತ್ತು;
ಹತ್ತಿರವಾದಾಗ ಮೈ ಉಬ್ಬಿ, ದೂರವಾದಾಗ ತಗ್ಗಿ,
ಕಲ್ಲಿನಷ್ಟು ಗಟ್ಟಿಯಾದ ಹಿಮ ಸೀಳುತ್ತದೆ,
ನೇರವಾಗಿ ಅಲ್ಲ, ಬಿಲ್ಲು ಬಿಲ್ಲಾಗಿ,
ಸುತ್ತಿಗೊಂದು ಕಮಾನು,
ಸೆಳೆತ ಸಡಿಲಾದಾಗ ನಿಂತು
ಮತ್ತೆ ಹೊರಟು.
ಬಿರುಕಿನ ತುದಿಗೆ, ಲೆಕ್ಕದ ಪ್ರಕಾರ,
ಮನುಷ್ಯ ನಡೆದಷ್ಟೇ ವೇಗ.

ಐತಪ್ಪ ಇದಕ್ಕೆ ಮಾತ್ರ ನಕ್ಕರು.
"ಅಂದ್ರೆ ಜೊತೆಯಲ್ಲೇ ನಡೀಬಹುದು."

ಮೂಲೆಯಲ್ಲಿ ನಿನ್ನೆಯ ಚೂರುಗಳ ರಾಶಿ
ರಾತ್ರಿ ಅರೆ ಕರಗಿ, ಹೊರಳಿ, ಮತ್ತೆ ಹೆಪ್ಪುಗಟ್ಟಿತ್ತು.
ಯಾವ ಗೆರೆ ಯಾವುದರ ಮುಂದುವರಿಕೆ
ಎಂದು ನಾನು ಹುಡುಕುವಷ್ಟರಲ್ಲಿ
ಅವರು ಹಾರೆ ತಂದರು.
ನನ್ನ ಪ್ರಬಂಧದ ಮೂರನೆಯ ಅಧ್ಯಾಯ
ಕ್ರಷರಿನ ಬಾಯಿಗೆ ಬಿದ್ದು
ಬಂಗುಡೆಯ ಮೇಲೆ ಸುರಿಯಿತು.

ಬೆಳಗಾಯಿತು. ದೂರದಲ್ಲಿ ತೋನ್ಸೆಪಾರ್,
ಲಾವಾ ಆರುವಾಗ ಬಿರಿದು ನಿಂತ ಕಲ್ಲುಕಂಬಗಳು.
ಆ ಚಂದ್ರನ ತೊಗಲು
ಬಹುಶಃ ಇವುಗಳಿಗಿಂತ ಎಳೆಯದು.

ಬಸ್ಸಿಗೆ ಕಾಯದೆ ನಡೆದೆ,
ಗಡಿಯಾರ ನೋಡಿಕೊಂಡು,
ಹದಿನೇಳು ನಿಮಿಷ.
ಇವತ್ತು ಬಿರಿಯುತ್ತಿದ್ದರೆ
ಅಷ್ಟು ಹೊತ್ತಿನಲ್ಲಿ ಅಲ್ಲೂ ಹಿಮ
ಒಂದು ಕಿಲೋಮೀಟರ್ ತೆರೆದಿರುತ್ತದೆ,
ಜೊತೆಗೆ ಯಾರೂ ಇಲ್ಲದೆ.